ಬೂಟಿನ ಡಬ್ಬಿಯ ರಸೀದಿಗಳು

ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಬಂದಾಗ ಕೇಶ್ವಾಪುರದ ನಮ್ಮ ಮನೆಗೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಚಹಾ ಮುಗಿದ ಮೇಲೆ ದನಿ ತಗ್ಗಿಸಿ, "ನಮ್ಮ ಹುಡುಗನ ವೀಸಾ ಮುಗದು ಆರು ವರ್ಷ ಆತ್ರಿ, ಅಮೆರಿಕಾದಾಗ ಹಂಗ ಅದಾನ. ನಿಮಗ ಗ್ರೀನ್ ಕಾರ್ಡ್ ಹ್ಯಾಂಗ ಸಿಕ್ತು?" ಅಂತಾರೆ. ಹುಡುಗ ಹೋದದ್ದು ಯಾವ ಇಸವಿ ಅಂತ ನಾನು ಮೊದಲು ಕೇಳುತ್ತೇನೆ.

ನಾನು ಹೋದದ್ದು 1998ರ ಅಕ್ಟೋಬರ್‌ನಲ್ಲಿ, ಆರು ತಿಂಗಳ ವಿಸಿಟರ್ ವೀಸಾ ಮೇಲೆ. ವಾಪಸ್ ಬರಲಿಲ್ಲ. ಸಾಲವಿತ್ತು, ತಂಗಿಯ ಮದುವೆಯಿತ್ತು. ಆದರೂ ತಪ್ಪು ನನ್ನದೇ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಹೋಟೆಲ್ಲಿನ ಅಡುಗೆಮನೆ ಸೇರಿದೆ.

2000ದ ಡಿಸೆಂಬರ್ 21ರಂದು ಅಧ್ಯಕ್ಷ ಕ್ಲಿಂಟನ್ ಒಂದು ಕಾಯ್ದೆಗೆ ಸಹಿ ಹಾಕಿದರು. ನಮ್ಮಂಥವರ ಬಾಯಲ್ಲಿ ಅದು 'ಟೂ ಫಾರ್ಟಿಫೈವ್ ಐ', ಅಲ್ಲಿನ ವಲಸೆ ಕಾನೂನಿನ ಕಲಮಿನ ನಂಬರು. ಆ ದಿನ ಅಮೆರಿಕದ ನೆಲದ ಮೇಲೆ ಇದ್ದು, 2001ರ ಏಪ್ರಿಲ್ 30ರೊಳಗೆ ಮಾಲೀಕರೋ ಹತ್ತಿರದ ಸಂಬಂಧಿಯೋ ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ, ಮುಂದೆ ಸರದಿ ಬಂದಾಗ 1000 ಡಾಲರ್ ದಂಡ ಕಟ್ಟಿ, ದೇಶ ಬಿಡದೆಯೇ ಗ್ರೀನ್ ಕಾರ್ಡ್ ಕೇಳಬಹುದಿತ್ತು. ದೇಶ ಬಿಟ್ಟರೆ ಕೆಟ್ಟೆ: 1996ರ ಕಾನೂನಿನಂತೆ, ವರ್ಷಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದವನು ಹೊರಗೆ ಹೋದರೆ ಹತ್ತು ವರ್ಷ ಒಳಗೆ ಬರುವ ಹಾಗಿಲ್ಲ.

ಮಾಲೀಕರು ಏಪ್ರಿಲ್ ಕೊನೆಯ ವಾರ ಅರ್ಜಿ ಹಾಕಿದರು. ಅಡುಗೆಯಲ್ಲಿ ಎರಡು ವರ್ಷದ ಅನುಭವ ತೋರಿಸಬೇಕಿತ್ತು. ನಾನು ದುರ್ಗದಬೈಲ್ ಹತ್ತಿರದ ಖಾನಾವಳಿಯಲ್ಲಿ ಐದು ವರ್ಷ ದುಡಿದವ. ಲೆಟರ್‌ಹೆಡ್ ಮೇಲೆ ಪತ್ರ ಬೇಕೆಂದರು ವಕೀಲರು. ನನ್ನ ತಮ್ಮ ಹೋಗಿ ಕೇಳಿದರೆ ಖಾನಾವಳಿ ಕಾಕಾ ನಕ್ಕರಂತೆ: "ನಮ್ಮಲ್ಲಿ ಬಿಲ್ ಬುಕ್ಕ ಇಲ್ಲ, ಲೆಟರ್‌ಹೆಡ್ ಎಲ್ಲಿಂದ ತರ್ಲೋ?" ಒಂದು ಛಾಪಿಸಿಬಿಡೋಣ ಅಂದ ತಮ್ಮ. ಬೇಡವೆಂದೆ. ಕಡೆಗೆ ಕಾಕಾ ನೋಟರಿ ಮುಂದೆ ಕೂತು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದರು. ದಿನಾ ಇನ್ನೂರು ಊಟದ ಪಲ್ಯ, ಸಾರು ಇವನದೇ ಕೈಯದು, ಎಣ್ಣೆಗಾಯಿ ವಿಶೇಷ ಅಂತಲೂ ಬರೆಸಿದ್ದರು!

ಆಮೇಲೆ ಆ ಹೋಟೆಲ್ ಮುಚ್ಚಿತು, ಅರ್ಜಿಯೂ ಬಿದ್ದುಹೋಯಿತು. ಆದರೆ ಹಾಕುವಾಗ ಅದು ಖರೇ ಅರ್ಜಿಯಾಗಿದ್ದರೆ, ದಂಡ ಕಟ್ಟಿ ಅಲ್ಲಿಂದಲೇ ಕಾರ್ಡ್ ಕೇಳುವ ಹಕ್ಕು ನಮ್ಮ ಹಿಂದೆಯೇ ಬರುತ್ತದೆ. 2006ರಲ್ಲಿ ಇನ್ನೊಬ್ಬ ಮಾಲೀಕರು ನನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಶುರು ಮಾಡಿದರು. ವರ್ಷಕ್ಕೆ ಇಂತಿಷ್ಟೇ ಕಾರ್ಡು, ಉಳಿದವರು ಸರದಿಯಲ್ಲಿ ಕಾಯಬೇಕು. 2007ರ ಜುಲೈನಲ್ಲಿ ಆ ಸರದಿ ಒಮ್ಮೆಲೇ ತೆರೆಯಿತು. ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡರು.

2000ದ ಡಿಸೆಂಬರ್ 21ರಂದು ನಾನು ಅಲ್ಲೇ ಇದ್ದೆ ಅನ್ನಲು ಸಾಕ್ಷಿ ಏನು? ಪಗಾರ ನಗದು, ಬ್ಯಾಂಕ್ ಖಾತೆ ಇಲ್ಲ. ಚೀಟಿಗಳನ್ನು ಹಾಕಿಟ್ಟಿದ್ದ ಬೂಟಿನ ಡಬ್ಬಿಯನ್ನು ನೆಲದ ಮೇಲೆ ಸುರುವಿದೆ. ಅಕ್ಷರ ಮಾಸಿದ ಎರಡು ಸಿಕ್ಕವು: 20ನೇ ತಾರೀಖು ತಂಗಿಯ ಮದುವೆಗೆ ರೊಕ್ಕ ಕಳಿಸಿದ ವೆಸ್ಟರ್ನ್ ಯೂನಿಯನ್ ರಸೀದಿ, 22ರಂದು ಹಲ್ಲು ಕೀಳಿಸಿದ ಬಿಲ್ಲು. ನಡುವಿನ ಒಂದು ದಿನದಲ್ಲಿ ಹುಬ್ಬಳ್ಳಿಗೆ ಹೋಗಿ ಬಂದೆ ಅಂತ ಯಾರೂ ಅನ್ನಲಾರರು ಎಂದು ವಕೀಲರು ನಕ್ಕರು. ಹಲ್ಲಿನ ನೋವಿಗೂ ಒಂದು ಬೆಲೆ ಬಂತು.

ಅರ್ಜಿ ಒಳಗೆ ಹೋದದ್ದೇ ಸರದಿ ಮತ್ತೆ ಹಿಂದಕ್ಕೆ ಸರಿಯಿತು. 2009ರಲ್ಲಿ ಅವ್ವ ತೀರಿಕೊಂಡಳು. ಪ್ರಯಾಣದ ಅನುಮತಿ ಪತ್ರ ಸಿಗುವಂತಿತ್ತು, ಆದರೆ ಅದರ ಮೇಲೆ ಹೋದರೂ ಹತ್ತು ವರ್ಷದ ತಡೆ ಬೀಳುತ್ತದೆ ಎಂದರು ವಕೀಲರು. ತಮ್ಮ ಮಣ್ಣು ಮಾಡಿದ. ನಾನು ಫೋನು ಕಿವಿಗಿಟ್ಟುಕೊಂಡು ಹೋಟೆಲ್ಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. 2012ರ ಏಪ್ರಿಲ್‌ನಲ್ಲಿ ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ, ಅಂಥ ಪತ್ರ ಹಿಡಿದು ಹೋಗಿ ಬಂದರೆ ತಡೆ ಬೀಳುವುದಿಲ್ಲ ಎಂದು ಅರ್ರಬಳ್ಳಿ–ಯರ್ರಬೆಲ್ಲಿ ಪ್ರಕರಣದಲ್ಲಿ ಹೇಳಿತು. ನಮ್ಮ ದೇಶದವರೇ ಆದ ಗಂಡ–ಹೆಂಡತಿಯ ಪ್ರಕರಣ. ಹೆಸರು ಕೇಳಿದರೆ ಹಾವೇರಿ ಕಡೆಯ ಊರು ಅನಿಸುತ್ತದೆ. ಆ ವರ್ಷ ದೀಪಾವಳಿಗೆ ಬಂದೆ, ಹದಿನಾಲ್ಕು ವರ್ಷದ ಮೇಲೆ. ಕಾರ್ಡ್ ಕೈಗೆ ಬಂದದ್ದು 2017ರಲ್ಲಿ.

ಕೇಳಲು ಬಂದವರಿಗೆ ಇಷ್ಟು ಹೇಳುತ್ತೇನೆ: ಆ ಬಾಗಿಲು 2001ರಲ್ಲೇ ಮುಚ್ಚಿತು. ವೀಸಾ ಮೇಲೆ ಒಳಗೆ ಹೋದವ ಅಲ್ಲಿನ ಪ್ರಜೆಯನ್ನು ಮದುವೆಯಾದರೆ ದಾರಿಯುಂಟು. ಕಾರ್ಡಿಗೋಸ್ಕರ ಸುಳ್ಳು ಮದುವೆ ಮಾಡಿಕೊಂಡು ಸಿಕ್ಕಿಬಿದ್ದರೆ ಅದೂ ಹೋಯಿತು. ಬಹಳ ವರ್ಷ ಇದ್ದವರಿಗೆ 'ರಿಜಿಸ್ಟ್ರಿ' ಅಂತ ಒಂದಿದೆ, ಆದರೆ 1972ರ ಜನವರಿ 1ಕ್ಕಿಂತ ಮೊದಲೇ ಬಂದಿರಬೇಕು. 1986ರಿಂದ ಆ ತಾರೀಖು ಜಗ್ಗಿಲ್ಲ.

ಗದಗಿನ ಗೆಳೆಯನೊಬ್ಬ 2001ರ ಫೆಬ್ರುವರಿಯಲ್ಲಿ ಬಂದ. ಅದೇ ಅಡುಗೆಮನೆ, ಅದೇ ವಾರದ ಅರ್ಜಿ. ಡಿಸೆಂಬರ್ 21ಕ್ಕೆ ಅವನು ಗದಗಿನಲ್ಲಿದ್ದ. ಇನ್ನೂ ಅಮೆರಿಕದಲ್ಲೇ ಒಲೆ ಮುಂದೆ ನಿಂತಿದ್ದಾನೆ. ನಾನು ಹೊರಡುವ ಹಿಂದಿನ ದಿನ ಅವನ ಹೆಂಡತಿ ಗದಗಿನಿಂದ ಬಸ್ಸಿಗೆ ಬಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟು ಹೋಗುತ್ತಾರೆ.