ಬಾಗಿಲ ಬೆಳಕಿಗೆ ಹಿಡಿದು ನೋಡಿದ ಸ್ಕ್ರೀನು

ಬಾಗಲಕೋಟೆಯ ನವನಗರದಲ್ಲಿ ಲ್ಯಾಪ್‌ಟಾಪ್ ಮಾರಾಟ, ರಿಪೇರಿ ಎರಡೂ ಮಾಡುತ್ತೇನೆ. ಕನ್ನಡಿಯಂತೆ ಹೊಳೆಯುವ ಗ್ಲಾಸಿ ಮತ್ತು ಹೊಳಪಿಲ್ಲದ ಮ್ಯಾಟ್ ಸ್ಕ್ರೀನು ಪಕ್ಕಪಕ್ಕ ಇಟ್ಟರೆ ನಮ್ಮಲ್ಲಿ ಹೆಚ್ಚಿನವರ ಕೈ ಗ್ಲಾಸಿಗೇ ಹೋಗುತ್ತದೆ. ಕಪ್ಪು ಕಡುಕಪ್ಪು, ಕೆಂಪು ತುಂಬಿಕೊಂಡ ಕೆಂಪು. ತಿಂಗಳಾಗುವುದರೊಳಗೆ ಅವರಲ್ಲೇ ಕೆಲವರು ತಿರುಗಿ ಬರುತ್ತಾರೆ.

ಹಾಗೆ ಬಂದವರು ಒಬ್ಬ ಟೀಚರ್. ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಅಂಕಪಟ್ಟಿ ತುಂಬುತ್ತಾರೆ. "ಅಣ್ಣಾರ, ಅಂಕಿಕಿಂತ ನನ್ನ ಮಾರೀನ ಹೆಚ್ಚು ಕಾಣಸ್ತೈತ್ರಿ. ಸಂಜೀಕ ತಲಿ ಹಿಡಕೋತೈತಿ" ಅಂದರು. ಬ್ರೈಟ್‌ನೆಸ್ ಪೂರ್ತಿ ಏರಿಸಿಯೇ ಇಟ್ಟಿದ್ದರು. ಸ್ಕ್ರೀನಿನ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. 250 ನಿಟ್ಸ್‌ನ ಪ್ಯಾನೆಲ್ ನಮ್ಮ ಏಪ್ರಿಲ್ ಬಿಸಿಲಿನ ಎದುರು ಎಷ್ಟು ಬೆಳಗೀತು?

ಮೊದಲು ಮ್ಯಾಟ್ ಫಿಲ್ಮ್ ಅಂಟಿಸಿದೆ. ಮುಖ ಮರೆಯಾಯಿತು, ಆದರೆ ಬಿಳಿ ಹಾಳೆಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಮಿಣಮಿಣ. ಅದನ್ನು ಕೊಟ್ಟು ಕಳಿಸಲು ಮನಸ್ಸು ಒಪ್ಪಲಿಲ್ಲ. ಪ್ಯಾನೆಲ್ಲನ್ನೇ ಬದಲಿಸಿದೆ.

ಅವರದು ಟಚ್ ಇಲ್ಲದ್ದು, ಅದಕ್ಕೇ ಸಾಧ್ಯವಾಯಿತು. ಟಚ್ ಇದ್ದರೆ ಹೆಚ್ಚಾಗಿ ಮೇಲೊಂದು ಗಾಜು ಅಂಟಿರುತ್ತದೆ, ಆ ಉಸಾಬರಿ ಬೇಡ. ಹಳೆಯ ಪ್ಯಾನೆಲ್ ಬಿಚ್ಚಿ ಅದರ ಬೆನ್ನ ಮೇಲಿನ ಮಾಡೆಲ್ ನಂಬರ್, ಅಳತೆ ಬರೆದುಕೊಂಡೆ: 15.6 ಇಂಚು, 1920×1080 ಪಿಕ್ಸೆಲ್, ಕೇಬಲ್ ಕನೆಕ್ಟರಿಗೆ 30 ಪಿನ್. ಸ್ಕ್ರೂ ಹಾಕುವ ಕಿವಿಗಳೂ ಹೊಂದಬೇಕು. ಇವಿಷ್ಟೂ ಕೂಡುವ ಮ್ಯಾಟ್ ಪ್ಯಾನೆಲ್ ತರಿಸಿದೆ. ಕೆಲಸಕ್ಕೆ ಕೂತಾಗ ಮೊದಲು ತಳದ ಮುಚ್ಚಳ ತೆಗೆದು ಬ್ಯಾಟರಿ ಕನೆಕ್ಟರ್ ಬಿಡಿಸುತ್ತೇನೆ. ಹಿಂದೊಮ್ಮೆ ಇದನ್ನು ಬಿಟ್ಟು ಡಿಸ್‌ಪ್ಲೇ ಕೇಬಲ್ ಎಳೆದಿದ್ದೆ. ಮದರ್‌ಬೋರ್ಡಿನ ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದಿನ ಬೆಳಕು) ಫ್ಯೂಸ್ ಹೋಗಿ, ಗ್ರಾಹಕರಿಗೆ ನಾನೇ ಕೈಯಿಂದ ಹಾಕಿ ಸರಿಮಾಡಿಕೊಟ್ಟೆ. ಆಮೇಲೆ ಪ್ಲಾಸ್ಟಿಕ್ ಕಾರ್ಡಿನಿಂದ ಸುತ್ತಿನ ಚೌಕಟ್ಟು ಬಿಡಿಸಿ, ಸ್ಕ್ರೂ ತೆಗೆದು, ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಪ್ಯಾನೆಲ್ ಮಲಗಿಸಬೇಕು. ಕನೆಕ್ಟರಿನ ಟೇಪು ಉಗುರಿನಿಂದ ಎಬ್ಬಿಸಿ ಕೇಬಲನ್ನು ನೇರವಾಗಿ, ನಿಧಾನ ಎಳೆಯಬೇಕು. ಸ್ವಲ್ಪ ಓರೆಯಾದರೂ ಪಿನ್ ಬಾಗುತ್ತವೆ.

ಮ್ಯಾಟ್ ಬೇಕೆನ್ನುವವರು ನಮ್ಮೂರಲ್ಲಷ್ಟೇ ಇಲ್ಲ. 2008ರಲ್ಲಿ 15 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಆಪಲ್ ಹೊಳೆಯುವ ಗಾಜು ಹಾಕಿತು. ಮರುವರ್ಷವೇ 50 ಡಾಲರ್ ಹೆಚ್ಚಿಗೆ ಕೊಟ್ಟವರಿಗೆ ಮ್ಯಾಟ್ ಕೊಡತೊಡಗಿತು.

ಹೊಳಪೆಂದರೆ ಒಳ್ಳೆಯ ಬಣ್ಣ ಎಂದು ಜನ ತಿಳಿದಿದ್ದಾರಲ್ಲ, ಅದು ನನಗೆ ನಿಜಕ್ಕೂ ಬೇಸರ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಗ್ಲಾಸಿಯೇ ಬೇಕೆಂದು ಬಂದರು. ಫೋಟೊ ನೋಡಿ ಸೀರೆ ತರಿಸಿಕೊಂಡವರು ಬಣ್ಣ ಬೇರೆ ಎಂದು ತಿರುಗಿ ಕಳಿಸುತ್ತಾರಂತೆ. ಒಂದು ಸೀರೆ ಅವರ ಚೀಲದಲ್ಲೇ ಇತ್ತು. ಎರಡು ಲ್ಯಾಪ್‌ಟಾಪ್ ಬಾಗಿಲಿಗೆ ತಂದೆ: ಒಂದು ಅಗ್ಗದ ಗ್ಲಾಸಿ, ಇನ್ನೊಂದು ಎಸ್‌ಆರ್‌ಜಿಬಿ ಬಣ್ಣ (ಫೋಟೊಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪು) ಶೇ 100 ತೋರಿಸುವ ಮ್ಯಾಟ್. ಎರಡರಲ್ಲೂ ಅದೇ ಸೀರೆಯ ಫೋಟೊ ತೆರೆದೆ. ಅವರು ಕೆಂಪು ಸೆರಗನ್ನು ಮೊದಲು ಗ್ಲಾಸಿಯ ಪಕ್ಕ ಹಿಡಿದರು, ಆಮೇಲೆ ಮ್ಯಾಟಿನ ಪಕ್ಕ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಇದರಾಗ ಬರೋಬರಿ ಐತಿ ನೋಡ್ರಿ" ಅಂದು ಮ್ಯಾಟಿನ ಮೇಲೆ ಕೈ ಇಟ್ಟರು.