ಮದ್ದು ಬಿಡುವ ಕಾಲದಲ್ಲಿ ಫೋನ್ ಒರೆಸುವ ಕ್ರಮ

ಅಡಿಕೆಗೆ ಮದ್ದು ಬಿಡುವ ಕೆಲಸ ಶುರುವಾದದ್ದು ಬದಿಯಡ್ಕ ಪೇಟೆಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬರುವ ಫೋನುಗಳನ್ನು ನೋಡಿದರೇ ಗೊತ್ತಾಗುತ್ತದೆ. ಸ್ಕ್ರೀನಿನ ಮೇಲೆ ತಿಳಿನೀಲಿ ಚುಕ್ಕೆ, ಸ್ಪೀಕರಿನ ಜಾಲರಿಯಲ್ಲಿ ಸುಣ್ಣ, ಪೌಚಿನೊಳಗೆ ಕೆಂಪು ಮಣ್ಣು. ಈ ಕೊಳೆಯಿಂದಲೇ ಕೆಟ್ಟ ಫೋನ್ ನಾನು ನೋಡಿದ್ದು ಕಡಿಮೆ. ಕೊಳೆ ತೆಗೆಯಲು ಹೋಗಿ ಕೆಡಿಸಿಕೊಂಡದ್ದೇ ಜಾಸ್ತಿ. ಡಿಸ್‌ಪ್ಲೇ ಬದಲಿಸಲು ಸಾವಿರಾರು ರೂಪಾಯಿ ಎಣಿಸುವವರನ್ನು ಕಂಡಾಗ ನಿಜವಾಗಿ ಬೇಸರವಾಗುತ್ತದೆ. ಅದಕ್ಕೇ ನಾನು ಮಾಡುವ ಕ್ರಮವನ್ನು, ಮನೆಯಲ್ಲಿ ಮಾಡಬಹುದಾದಷ್ಟು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಾರ್ಜರ್ ಕಳಚಿ, ಫೋನ್ ಸ್ವಿಚ್ ಆಫ್ ಮಾಡುತ್ತೇನೆ. ಪೌಚ್ ತೆಗೆದು ಬೇರೆ ಇಡುತ್ತೇನೆ. ಪ್ಲಾಸ್ಟಿಕ್ ಅಥವಾ ಸಿಲಿಕಾನ್ ಪೌಚನ್ನು ಸೋಪು ನೀರಿನಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು ಅಷ್ಟೆ.

ಇನ್ನು ಒರೆಸುವುದು. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಅಂದರೆ ಮೈಲುತುತ್ತು ಮತ್ತು ಸುಣ್ಣ, 100 ಲೀಟರ್ ನೀರಿಗೆ ಒಂದೊಂದು ಕಿಲೋ. ಒಣಗಿದರೆ ಅದು ಗರಗರ ಪುಡಿ. ಹೆಗಲ ಮೇಲಿನ ಬೈರಾಸಿನಲ್ಲಿ ಅದನ್ನು ತಿಕ್ಕಿದರೆ ಗಾಜಿನ ಮೇಲೆ ಗೆರೆ ಏಳುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯಿಂದ ಬರುವ ಫೋನುಗಳಲ್ಲಿ ಹೊಯ್ಗೆ, ಅಂದರೆ ಮರಳು ಇರುತ್ತದೆ. ಹೊಯ್ಗೆಯ ಕಾಳು ಗಾಜಿಗಿಂತ ಗಟ್ಟಿ. ಹಾಗಾಗಿ ಮೊದಲು ಮೆತ್ತಗಿನ ಒಣ ಬ್ರಷ್ಷಿನಲ್ಲಿ ಪುಡಿಯನ್ನು ಕೊಡವುತ್ತೇನೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯ ಒಂದು ಮೂಲೆಯನ್ನು ಸ್ವಲ್ಪ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಚುಕ್ಕೆಗಳ ಮೇಲೆ ಒತ್ತಿ ಹಿಡಿಯುತ್ತೇನೆ. ಪುಡಿ ನೆನೆದು ಬಟ್ಟೆಗೆ ಬರುತ್ತದೆ. ಉಜ್ಜುವುದು ಕೊನೆಗೆ, ಅದೂ ಹಗುರವಾಗಿ. ನೀರು ಯಾವತ್ತೂ ಬಟ್ಟೆಗೇ ಹಾಕಬೇಕು, ಫೋನಿಗಲ್ಲ.

ಜಿಡ್ಡು ಜಾಸ್ತಿ ಇದ್ದರೆ 70 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ನಮ್ಮ ಲೈನಿನಲ್ಲಿ ಐಪಿಎ ಅನ್ನುತ್ತೇವೆ. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ, ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನಿಂದ ಸ್ಪೇರ್ ಬರುವುದೇ ನಿಂತಿತ್ತು. ಎಲ್ಲರೂ ಕೈಗೆ ಹಚ್ಚುವ ಸ್ಯಾನಿಟೈಸರನ್ನೇ ಫೋನಿಗೂ ಹಚ್ಚುತ್ತಿದ್ದರು. ಕೈ ಒಣಗಬಾರದೆಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ. ಅದು ಜಾಲರಿಗೆ ಇಳಿದರೆ ಅಂಟು, ಅಂಟಿಗೆ ಮತ್ತೆ ಧೂಳು. ಅದೇ ವರ್ಷ ಮಾರ್ಚಿನಲ್ಲಿ ಆಪಲ್ ಕೂಡ 70 ಶೇಕಡದ ಆಲ್ಕೋಹಾಲ್ ವೈಪಿನಲ್ಲಿ ಹಗುರವಾಗಿ ಒರೆಸಬಹುದು, ಬ್ಲೀಚ್ ಮಾತ್ರ ಬೇಡ ಎಂದು ಹೇಳಿತು. ಆದರೆ ದಿನವೂ ಆಲ್ಕೋಹಾಲ್ ಬೇಡ. ಸ್ಕ್ರೀನಿನ ಮೇಲೆ ಬೆರಳಿನ ಜಿಡ್ಡು ಹಿಡಿಯದ ಹಾಗೆ ಒಂದು ತೆಳು ಲೇಪನ ಇರುತ್ತದೆ, ಒರೆಸಿದಷ್ಟೂ ಅದು ಸವೆಯುತ್ತದೆ. ಟೆಂಪರ್ ಗ್ಲಾಸ್ ಹಾಕಿದ್ದರೆ ಸವೆಯುವುದು ಅದು, ಬದಲಿಸಿದರಾಯಿತು.

ಹಲಸಿನ ಮೇಣ ಅಂಟಿದರೆ ಬಟ್ಟೆಗೆ ಒಂದು ಹನಿ ತೆಂಗಿನೆಣ್ಣೆ ಹಾಕಿ ತೆಗೆಯುತ್ತೇನೆ, ಆಮೇಲೆ ಐಪಿಎಯಲ್ಲಿ ಎಣ್ಣೆಯನ್ನೂ ತೆಗೆಯುತ್ತೇನೆ. ಜಾಲರಿಯ ಹತ್ತಿರ ಎಣ್ಣೆ ಒಯ್ಯಲೇಬೇಡಿ.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಚಾರ್ಜಿಂಗ್ ಪಿನ್ನಿಗೆ, ಅಂದರೆ ಫೋನಿನಲ್ಲಿ ಕೇಬಲ್ ಚುಚ್ಚುವ ತೂತಿಗೆ. "ಚಾರ್ಜ್ ಏರುವುದಿಲ್ಲ ಅಣ್ಣಾ, ಪಿನ್ ಹೋಗಿದೆ, ಹೊಸತು ಹಾಕಿ" ಎಂದು ಫೋನ್ ತರುತ್ತಾರೆ. ಕೇಬಲ್ ಚುಚ್ಚಿ ನೋಡಿದರೆ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಲೆನ್ಸ್ ಹಿಡಿದು ನೋಡಿದರೆ ತಳದಲ್ಲಿ ಜೇಬಿನ ನೂಲು. ಪ್ರತಿಸಲ ಕೇಬಲ್ ಚುಚ್ಚುವಾಗಲೂ ಒತ್ತಿ ಒತ್ತಿ ಅದು ಬೂದು ಬಣ್ಣದ ಗಟ್ಟಿ ಬಿಲ್ಲೆಯ ಹಾಗೆ ಆಗಿರುತ್ತದೆ. ಟೈಪ್ ಸಿ ಪಿನ್ನಿನ ನಡುವೆ ಒಂದು ತೆಳು ನಾಲಗೆ ಇದೆ. ಅದರ ಎರಡೂ ಬದಿಯಲ್ಲಿ ಹನ್ನೆರಡು ಹನ್ನೆರಡು ಚಿನ್ನದ ಬಣ್ಣದ ಗೆರೆ. ಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ ಯಾವುದನ್ನೂ ಅಲ್ಲಿ ಹಾಕಬೇಡಿ. ಗೆರೆ ಕಿತ್ತು ಹೋದರೆ ಆಗ ನಿಜಕ್ಕೂ ಹೊಸ ಪಿನ್ ಬೇಕಾಗುತ್ತದೆ. ಹಿಡಿಸೂಡಿಯ ಕಡ್ಡಿಯೂ ಬೇಡ, ತುದಿ ಒಳಗೇ ಮುರಿಯುತ್ತದೆ. ನಾನು ತೆಳುವಾದ ಪ್ಲಾಸ್ಟಿಕ್ ಕಡ್ಡಿಯನ್ನು ನಾಲಗೆಗೆ ತಾಗದ ಹಾಗೆ ಗೋಡೆ ಹಿಡಿದು ಇಳಿಸಿ, ನೂಲನ್ನು ನಿಧಾನ ಹೊರಗೆ ಎಳೆಯುತ್ತೇನೆ. ಬಾಯಲ್ಲಿ ಊದುವುದಿಲ್ಲ, ಉಸಿರಿನಲ್ಲೂ ನೀರಿದೆ ಅಲ್ವಾ. ಏರ್ ಕಂಪ್ರೆಸರ್ ಕೂಡ ಬೇಡ, ಅದರ ಒತ್ತಡಕ್ಕೆ ಮೈಕಿನ ಪೊರೆ ಹರಿಯುತ್ತದೆ. ಸ್ಪೀಕರಿಗೆ ಒಣ ಬ್ರಷ್ ಸಾಕು. ಅದರ ಪಕ್ಕದ ಸಣ್ಣ ತೂತು ಮೈಕು, ಅದನ್ನು ಮುಟ್ಟುವುದೇ ಬೇಡ.

ಪಿನ್ನಿನ ಒಳಗೆ ಹಸಿರು ಕಿಲುಬು ಕಂಡರೆ ಮನೆಯಲ್ಲಿ ಕೆರೆಯಬೇಡಿ, ರಿಪೇರಿಯವರಿಗೆ ಕೊಡಿ. ನೀರಿನ ಪಸೆ ಇರುವಾಗಲೇ ಚಾರ್ಜಿಗೆ ಹಾಕಿದ್ದರ ಫಲ ಅದು. ಮೈಲುತುತ್ತಿನ ನೀರಾದರೆ ಇನ್ನೂ ಬೇಗ ತಿನ್ನುತ್ತದೆ. ಫೋನ್ ಒದ್ದೆಯಾದರೆ ಪಿನ್ನಿನ ಬದಿ ಕೆಳಗೆ ಮಾಡಿ ಕೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಯಲ್ಲಿ ಇಡಿ. ಪಸೆ ಪೂರ್ತಿ ಹೋಗಲು ಕೆಲವೊಮ್ಮೆ ಒಂದು ದಿನ ಬೇಕು. ಅಕ್ಕಿಯ ಡಬ್ಬಿಯಲ್ಲಿ ಇಟ್ಟರೆ ತೌಡು ಒಳಗೆ ಹೋಗುತ್ತದೆ. ಒಲೆಯ ಹತ್ತಿರ ಇಟ್ಟರೆ ಬ್ಯಾಟರಿಗೂ ಡಿಸ್‌ಪ್ಲೇ ಅಂಟಿಗೂ ಪೆಟ್ಟು.

"ಇದು ಐಪಿ 68, ನಳ್ಳಿಯಡಿ ಹಿಡಿದರೂ ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ಐಪಿ 68 ಅಂದರೆ ಫೋನ್ ನೀರು, ಧೂಳು ಎಷ್ಟು ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಕೊಡುವ ದರ್ಜೆ. ಆ ಪರೀಕ್ಷೆ ಹೊಸ ಫೋನಿಗೆ, ಸಿಹಿನೀರಿನಲ್ಲಿ ಮಾಡಿದ್ದು. ಸೋಪಿಗೆ, ಉಪ್ಪುನೀರಿಗೆ ಆ ಲೆಕ್ಕ ಇಲ್ಲ. ಬಿದ್ದು ಎದ್ದ ಫೋನಿನ, ಒಮ್ಮೆ ಬಿಚ್ಚಿದ ಫೋನಿನ ಸೀಲನ್ನು ನಾನಂತೂ ನಂಬುವುದಿಲ್ಲ.

ಮದ್ದು ಬಿಡುವ ದಿನ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಫೋನ್ ಹಾಕಿ ಜೇಬಿಗಿಡಿ. ಕವರಿನ ಮೇಲಿಂದಲೇ ಟಚ್ ಕೆಲಸ ಮಾಡುತ್ತದೆ, ಮಾತೂ ಕೇಳುತ್ತದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕೈ ತೊಳೆದು ಹೊರಗೆ ತೆಗೆದಿಡಿ, ಒಳಗೆ ಬೆವರಿರುತ್ತದೆ.