ಬರೀ ಇಮೇಲ್‌ನಿಂದ ಸಾಫ್ಟ್‌ವೇರ್ ತರಿಸುತ್ತಿದ್ದ ಕ್ರಮ

1990ರ ದಶಕದ ಶುರುವಿನಲ್ಲಿ ನಮ್ಮ ಲ್ಯಾಬಿನಲ್ಲಿ ಇಂಟರ್ನೆಟ್ ಇರಲಿಲ್ಲ. ಇಮೇಲ್ ಇತ್ತು, ಅಷ್ಟೇ. ರಾತ್ರಿ ಎಸ್‌ಟಿಡಿ (ಊರಿಂದೂರಿಗೆ ಮಾಡುವ ಫೋನ್) ದರ ನಾಲ್ಕನೇ ಒಂದು ಭಾಗಕ್ಕೆ ಇಳಿದ ಮೇಲೆ ಮೈಸೂರಿನ ನಮ್ಮ ಮೋಡೆಮ್ ಬೆಂಗಳೂರಿಗೆ ಡಯಲ್ ಮಾಡಿ, ಬಂದ ಮೇಲ್ ಎಲ್ಲ ಇಳಿಸಿಕೊಂಡು ಫೋನ್ ಇಡುತ್ತಿತ್ತು. ಇಷ್ಟರಲ್ಲೇ ನಾವು ಅಮೆರಿಕದ ಆರ್ಕೈವ್‌ಗಳಿಂದ, ಅಂದರೆ ಎಲ್ಲರಿಗೂ ಫೈಲ್ ತೆರೆದಿಟ್ಟ ಕಂಪ್ಯೂಟರ್‌ಗಳಿಂದ, ಪ್ರೋಗ್ರಾಮ್ ತರಿಸುತ್ತಿದ್ದೆವು. ಅದು ಹೇಗೆ ಅಂತ ಈಗಿನ ಹುಡುಗರು ಕೇಳುತ್ತಿರುತ್ತಾರೆ. ಹಳೇ ಫ್ಲಾಪಿಯಲ್ಲಿ ತಲೆಬುಡ ತಿಳಿಯದ ಅಕ್ಷರ ತುಂಬಿದ ಮೇಲ್ ಫೈಲುಗಳು ಸಿಕ್ಕಿದ್ದರೆ ನಿಮಗೂ ಇದು ಕೆಲಸಕ್ಕೆ ಬರುತ್ತದೆ. ನೀವು ನೇರವಾಗಿ ಕೊನೆಯ ಎರಡು ಪ್ಯಾರಾ ಓದಿ.

ಎಲ್ಲಕ್ಕಿಂತ ಸುಲಭದ್ದು ನೆಟ್‌ಲಿಬ್. ಗಣಿತದ ರೊಟೀನ್‌ಗಳ, ಅಂದರೆ ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮ್ ತುಣುಕುಗಳ, ಭಂಡಾರ ಅದು. 1985ರಲ್ಲಿ ಜಾಕ್ ಡೊಂಗಾರ ಮತ್ತು ಎರಿಕ್ ಗ್ರಾಸ್ ಶುರು ಮಾಡಿದ್ದು. ಆಗ ಅಲ್ಲಿ ನಿಮ್ಮ ಮೇಲ್ ಓದುತ್ತಿದ್ದದ್ದು ಮನುಷ್ಯರಲ್ಲ, ಪ್ರೋಗ್ರಾಮ್. ಹಾಗಾಗಿ ಡಿಯರ್ ಸರ್, ಥ್ಯಾಂಕ್ಸ್ ಎಲ್ಲ ಬೇಡ. ಮೊದಲ ಪತ್ರದಲ್ಲಿ 'ಸೆಂಡ್ ಇಂಡೆಕ್ಸ್' ಅಂತ ಒಂದೇ ಸಾಲು. ಪಟ್ಟಿ ಬರುತ್ತದೆ. ಅದರಲ್ಲಿ ಬೇಕಾದ್ದು ನೋಡಿಕೊಂಡು, 'ಸೆಂಡ್' ಅಂತ ಬರೆದು ರೊಟೀನಿನ ಹೆಸರು, ಆಮೇಲೆ 'ಫ್ರಮ್ ಲಿನ್‌ಪ್ಯಾಕ್' (ಲಿನ್‌ಪ್ಯಾಕ್ ಅಂದರೆ ಅಲ್ಲಿನ ಒಂದು ಸಂಗ್ರಹ). ನೆಟ್‌ಲಿಬ್‌ನ ಜಾಣತನ ಇಲ್ಲಿದೆ: ನೀವು ಕೇಳಿದ ರೊಟೀನ್ ಬೇರೆ ಯಾವ್ಯಾವ ರೊಟೀನ್ ಕರೆಯುತ್ತದೋ ಅವನ್ನೂ ಜೊತೆಗೇ ಕಳಿಸುತ್ತದೆ. ಅವು ಮೊದಲೇ ನಿಮ್ಮ ಹತ್ತಿರ ಇದ್ದರೆ 'ಓನ್ಲಿ' ಸೇರಿಸಿ, ಇಲ್ಲದಿದ್ದರೆ ಸುಮ್ನೆ ಮೇಲ್ ಉದ್ದವಾಗುತ್ತದೆ. ಬರುವುದೆಲ್ಲ ಬರೀ ಅಕ್ಷರದ ಫೈಲ್ ಆದ್ದರಿಂದ ಬಿಚ್ಚುವ ತಲೆನೋವೂ ಇಲ್ಲ.

ಜಿಪ್ ಮಾಡಿದ ಪ್ರೋಗ್ರಾಮ್ ಬೇಕಾದರೆ ಎಫ್‌ಟಿಪಿಮೇಲ್ ಹಿಡಿಯಬೇಕಿತ್ತು. ನಮಗಿದ್ದ ಆಸರೆ ಅಮೆರಿಕದ ಕಂಪ್ಯೂಟರ್ ತಯಾರಕ ಡೆಕ್ ಕಂಪನಿಯ ಪಾಲೋ ಆಲ್ಟೋ ಲ್ಯಾಬಿನದು. ನಾವು ಪತ್ರದಲ್ಲಿ ಬರೆದದ್ದನ್ನು ಓದಿ, ಆ ಯಂತ್ರ ನಮ್ಮ ಪರವಾಗಿ ಎಫ್‌ಟಿಪಿ (ಇಂಟರ್ನೆಟ್‌ನಲ್ಲಿ ಫೈಲ್ ಸಾಗಿಸುವ ವಿಧಾನ) ಮೂಲಕ ಫೈಲ್ ತಂದು ಮೇಲ್‌ನಲ್ಲಿ ತುಂಬಿ ಕಳಿಸುತ್ತಿತ್ತು. ಯಾವ ಫೈಲ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮೊದಲು ಆರ್ಚಿಗೆ ಒಂದು ಮೇಲ್. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಹುಟ್ಟಿದ ಹುಡುಕಾಟದ ಸೇವೆ ಅದು.

ಪತ್ರದ ಸಾಲುಗಳು ಹೀಗಿರುತ್ತಿದ್ದವು. ಮೊದಲು 'ಕನೆಕ್ಟ್', ಪಕ್ಕದಲ್ಲಿ ಆರ್ಕೈವ್ ಯಂತ್ರದ ಹೆಸರು. ಆಮೇಲೆ 'ಬೈನರಿ', 'ಯುಯುಎನ್‌ಕೋಡ್' (ಫೈಲನ್ನು ಮೇಲ್‌ನಲ್ಲಿ ಹೋಗುವಂಥ ಅಕ್ಷರಗಳಾಗಿ ಬದಲಿಸು ಅಂತ), ಡೈರೆಕ್ಟರಿಗೆ 'ಸಿಎಚ್‌ಡಿಐಆರ್', ಫೈಲಿಗೆ 'ಗೆಟ್', ಕೊನೆಗೆ 'ಕ್ವಿಟ್'. ಒಂದೊಂದು ಸಾಲಿಗೆ ಒಂದೊಂದೇ. 'ಬೈನರಿ' ಮರೆತರೆ ಜಿಪ್ ಫೈಲ್ ಕೆಟ್ಟು ಕೂತಿರುತ್ತದೆ. 'ಕ್ವಿಟ್' ಮರೆತರೆ ನಿಮ್ಮ ಸಹಿಯ ಸಾಲುಗಳನ್ನೂ ಆ ಯಂತ್ರ ಆಜ್ಞೆ ಅಂತಲೇ ಓದುತ್ತದೆ. ಹೆಸರಿನ ಕೆಳಗೆ ಡಿಗ್ರಿ, ಹುದ್ದೆ, ವಿಳಾಸ ಎಲ್ಲ ಹಾಕುವ ನಮ್ಮ ಪ್ರೊಫೆಸರ್‌ಗಳ ಗತಿ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ! ಸಬ್ಜೆಕ್ಟ್‌ನಲ್ಲಿ ಏನು ಬರೆದರೂ ಅದು ಆಜ್ಞೆಯಲ್ಲ, ಉತ್ತರದಲ್ಲಿ ಹಾಗೇ ವಾಪಸ್ ಬರುತ್ತದೆ. ಹಾಗಾಗಿ ಯಾರಿಗೆ, ಯಾವ ಫೈಲ್ ಅಂತ ಅಲ್ಲೇ ಬರೆಯುವುದು ಒಳ್ಳೆಯದು.

ಈ ಆಜ್ಞೆಗಳನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಲೆಕ್ಕದಲ್ಲಿ. 'ಗೆಟ್' ಬರೆಯುವ ಮುಂಚೆ 'ಡಿಐಆರ್' (ಡೈರೆಕ್ಟರಿಯ ಪಟ್ಟಿ ಕೇಳುವ ಆಜ್ಞೆ) ಇರುವ ಪತ್ರ ಕಳಿಸಿ ಫೈಲಿನ ಸೈಜ್ ತರಿಸಿಕೊಳ್ಳಬೇಕಿತ್ತು. ಯುಯುಎನ್‌ಕೋಡ್ ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರ ಮಾಡುತ್ತದೆ. ಒಂದು ಸಾಲಿಗೆ 45 ಬೈಟ್ ಹಿಡಿಯುತ್ತದೆ. ಅದು 60 ಅಕ್ಷರವಾಗಿ, ಸಾಲಿನ ಮೊದಲಿಗೆ ಒಂದು, ಕೊನೆಗೆ ಒಂದು ಸೇರಿ 62. ಅಂದರೆ 3 ಲಕ್ಷ ಬೈಟ್ ಫೈಲ್ ಸುಮಾರು 4 ಲಕ್ಷ 13 ಸಾವಿರ ಆಗುತ್ತದೆ. ಎಫ್‌ಟಿಪಿಮೇಲ್ ಒಂದು ಮೇಲ್‌ಗೆ 64,000 ಅಂತ ತುಂಡು ಮಾಡುತ್ತಿತ್ತು. ಅಲ್ಲಿಗೆ ಏಳು ಮೇಲ್. ಏಳಾದರೆ ಸರಿ, ಎಪ್ಪತ್ತಾದರೆ? ಬೆಂಗಳೂರಿನ ಲೈನ್ ಮಧ್ಯೆ ಕಡಿದುಹೋಗುತ್ತದೆ, ಫೋನ್ ಬಿಲ್ ನೋಡಿ ಹೆಡ್ ಕೂಗಾಡುತ್ತಾರೆ, ಉಳಿದವರ ಮೇಲ್ ಎಲ್ಲ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಒಂದು ಪದ್ಧತಿ ಇತ್ತು: ಹೊಸ ಆರ್ಕೈವ್ ಆದರೆ ಮೊದಲು ರೀಡ್‌ಮಿ ಫೈಲ್ ಒಂದನ್ನೇ ತರಿಸುವುದು. ಅದು ನೆಟ್ಟಗೆ ಬಂದರೆ ಮಾತ್ರ ದೊಡ್ಡದಕ್ಕೆ ಕೈ ಹಾಕುವುದು.

ಈಗ ಬಿಚ್ಚುವ ವಿಷಯ. ಮೇಲ್‌ಗಳು ಕಳಿಸಿದ ಕ್ರಮದಲ್ಲೇ ಬರುತ್ತವೆ ಅಂತಿಲ್ಲ. ಸಬ್ಜೆಕ್ಟ್‌ನಲ್ಲಿರುವ ಭಾಗದ ನಂಬರ್ ನೋಡಿ ಜೋಡಿಸಿ. ಪ್ರತಿ ಭಾಗದ ಮೇಲಿರುವ ಹೆಡರ್ ಸಾಲುಗಳನ್ನು ಎಡಿಟರ್‌ನಲ್ಲಿ ತೆಗೆದುಹಾಕಿ, ಎಲ್ಲವನ್ನೂ ಒಂದೇ ಫೈಲ್ ಮಾಡಿ. ಮೇಲೆ 'ಬಿಗಿನ್' ಸಾಲು ಇರಬೇಕು, ಅದರಲ್ಲಿ ಮೂರು ಅಂಕಿ ಮತ್ತು ಫೈಲಿನ ಹೆಸರು ಇರುತ್ತದೆ. ಕೆಳಗೆ 'ಎಂಡ್'. ನಡುವಿನ ಪ್ರತಿ ಪೂರ್ತಿ ಸಾಲೂ ದೊಡ್ಡಕ್ಷರದ 'ಎಂ'ನಿಂದ ಶುರುವಾಗಬೇಕು, 45 ಬೈಟ್ ಅಂತ ಅದರ ಗುರುತು. ಕೊನೆಯ ಒಂದೆರಡು ಸಾಲು ಬಿಟ್ಟು ಬೇರೆಲ್ಲಾದರೂ 'ಎಂ' ತಪ್ಪಿದ್ದರೆ ಅಲ್ಲಿ ಏನೋ ಕಸ ಉಳಿದಿದೆ ಅಂತಲೇ ಅರ್ಥ. ಭಾಗಗಳ ಸಂದಿಯಲ್ಲೇ ಹುಡುಕಿ, ಸಾಮಾನ್ಯವಾಗಿ ಖಾಲಿ ಸಾಲೋ, ಮರೆತ ಹೆಡರೋ ಇರುತ್ತದೆ. ಸಾಲಿನ ಕೊನೆಯ ಸ್ಪೇಸ್‌ಗಳನ್ನು ಮಾತ್ರ ಮುಟ್ಟಬೇಡಿ. ಕೆಲವು ಎನ್‌ಕೋಡರ್‌ಗಳಲ್ಲಿ ಸ್ಪೇಸ್ ಕೂಡ ಒಂದು ಅಕ್ಷರವೇ.

ಡೆಕ್ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು, ಆದರೆ ಈ ಅಕ್ಷರಗಳನ್ನು ಮತ್ತೆ ಮೂಲ ಫೈಲ್ ಮಾಡುವ ಪ್ರೋಗ್ರಾಮ್ ಯುಯುಡಿಕೋಡ್ ಇವತ್ತಿಗೂ ಸಿಗುತ್ತದೆ. ಲಿನಕ್ಸ್‌ನಲ್ಲಿ ಅದು ಇರುವ ಶಾರ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಪೈಥಾನ್‌ನ ಯುಯು ಮಾಡ್ಯೂಲ್ ನೆಚ್ಚಿಕೊಳ್ಳಬೇಡಿ, 3.13ರಲ್ಲಿ ತೆಗೆದಿದ್ದಾರೆ. ಹೊರಬಂದದ್ದರ ಹೆಸರಿನ ಕೊನೆಗೆ ದೊಡ್ಡಕ್ಷರದ 'ಝಡ್' ಇದ್ದರೆ ಜಿಜಿಪ್‌ನಿಂದಲೇ ಬಿಚ್ಚಬಹುದು. ಜಿಪ್ ಆದರೆ ಮೊದಲು ಟೆಸ್ಟ್ ಮಾಡಿ ನೋಡಿ. ಅದು ಪಾಸಾಗುವ ತನಕ ಮೂಲ ಮೇಲ್‌ಗಳನ್ನು ಅಳಿಸಬೇಡಿ.